ನಂಬರಿಲ್ಲದ ಸುತ್ತಿಗೆ

ಕಳೆದ ತಿಂಗಳು ಮೈಸೂರಿನಲ್ಲಿ ನನ್ನ ಸ್ಕೂಟರ್ ದಾರಿಯಲ್ಲೇ ನಿಂತಿತು. ಪ್ಲಗ್ ಬಿಚ್ಚಲು ಹೋಗಿ ಎರಡೂ ಕೈ ಕಪ್ಪು ಮಾಡಿಕೊಂಡು, ಕೊನೆಗೆ ಗ್ಯಾರೇಜಿನವರೆಗೆ ತಳ್ಳಿಕೊಂಡು ಹೋದೆ. ಅಲ್ಲಿಯವರು ಒಂದು ಡಬ್ಬಿ ಮುಂದಿಟ್ಟು, "ಸೋಪಲ್ಲಿ ಹೋಗಲ್ಲ ಮೇಡಂ, ಇದು ಹಾಕ್ಕೊಳ್ಳಿ" ಎಂದರು. ಒಳಗೆ ಕಿತ್ತಳೆ ಬಣ್ಣದ ಮುದ್ದೆ. ಉಜ್ಜಿದರೆ ಸಣ್ಣ ಮರಳಿನಂತೆ ಅಂಗೈಗೆ ಚುಚ್ಚುತ್ತದೆ. ಕಿತ್ತಳೆ ಸಿಪ್ಪೆ ಮುರಿದಾಗಿನ ವಾಸನೆ, ಅದರಡಿಯಲ್ಲಿ ತೆಳ್ಳಗೆ ಸೀಮೆಎಣ್ಣೆ. ಕೈಗೆ ಹಚ್ಚಿಕೊಂಡವಳು ನಲ್ಲಿ ತಿರುಗಿಸುವುದನ್ನು ಮರೆತು ನಿಂತೆ. ದುಬೈಯ ಮೆಟ್ರೊ ಡಿಪೋದಲ್ಲಿ, ನನ್ನ ಕೌಂಟರಿನ ಪಕ್ಕದ ಸಿಂಕಿನ ಮೇಲೆ, ಇದೇ ಮುದ್ದೆಯ ದೊಡ್ಡ ಬಕೆಟ್ಟು ಇರುತ್ತಿತ್ತು. ಬೆಳಗಿನ ಹನ್ನೊಂದೂವರೆಗೆ ಹದಿನಾಲ್ಕು ಜನ ಸಾಲಾಗಿ ನಿಂತು ಕೈ ತೊಳೆಯುವಾಗ ಆ ಕೋಣೆಯೆಲ್ಲ ಕಿತ್ತಳೆ ತೋಟದಂತೆ ಘಮಘಮಿಸುತ್ತಿತ್ತು.

ಮನೆಗೆ ಬಂದು 2009ರ ಡೈರಿ ಹುಡುಕಿ ತೆಗೆದೆ. ಅದರಲ್ಲಿ ಆ ಬೇಸಿಗೆಯ ಪ್ರತಿ ದಿನವೂ ಇದೆ. ಬೆಳಿಗ್ಗೆ ಎಷ್ಟು ಸೆಕೆ, ಎಷ್ಟು ಜನ ಹಳಿಗೆ ಹೋದರು, ಎಷ್ಟು ಜನ ಬಂದರು, ಎಷ್ಟು ಸಾಮಾನು ಹೋಯಿತು, ಎಷ್ಟು ಬಂತು. ಓದುತ್ತಾ ಹೋದರೆ ಲೆಕ್ಕ ಅರ್ಥವಾಗುತ್ತದೆ. ಆಗ ನಡೆದದ್ದು ಮಾತ್ರ ಇವತ್ತಿಗೂ ಪೂರ್ತಿ ಅರ್ಥವಾಗುವುದಿಲ್ಲ.

ನನಗಾಗ ಇಪ್ಪತ್ಮೂರು. ದುಬೈಯ ಕರಾಮಾದಲ್ಲಿ ಒಂದು ಸಣ್ಣ ಆಫೀಸಿನಲ್ಲಿ ಫೈಲು ಜೋಡಿಸುವ ಕೆಲಸಕ್ಕಿದ್ದೆ. ಆ ವರ್ಷ ಎಲ್ಲ ಕಡೆ ಆಫೀಸುಗಳು ಬಾಗಿಲು ಹಾಕುತ್ತಿದ್ದವು, ನಮ್ಮದೂ ಹಾಕಿತು. ಸತ್ವಾದ ಒಂದು ಹಳೆಯ ವಿಲ್ಲಾದಲ್ಲಿ ಪ್ಲೈವುಡ್ ಗೋಡೆ ಹಾಕಿದ ಕೋಣೆಯಲ್ಲಿ ನನ್ನದೊಂದು ಬೆಡ್‌ಸ್ಪೇಸ್, ಅಂದರೆ ಬಾಡಿಗೆಗೆ ಒಂದು ಮಂಚ. ಕೆಲಸ ಸಿಗದಿದ್ದರೆ ಊರಿಗೆ ಟಿಕೆಟ್ಟು. ಆಗ ಪರಿಚಯದವರ ಮೂಲಕ ಸಿಕ್ಕವರು ಎಂಜಿನಿಯರ್ ರಘುರಾಮ್. ಬೆಂಗಳೂರಿನವರು. ಮೆಟ್ರೊ ಹಳಿಯ ಕೆಲಸ ಹಿಡಿದಿದ್ದ ಹತ್ತಾರು ಗುತ್ತಿಗೆ ಕಂಪೆನಿಗಳಲ್ಲಿ ಒಂದು ಚಿಕ್ಕ ಕಂಪೆನಿಯಲ್ಲಿದ್ದರು. ನನ್ನ ಡೈರಿ ನೋಡಿ, "ಟೀ ಎಷ್ಟು ಕಪ್ ಕುಡಿದ್ರಿ ಅಂತಾನೂ ಬರೀತೀರಾ? ನೀವೇ ಬೇಕು ಕಣ್ರೀ ನಮಗೆ" ಎಂದು ನಕ್ಕು, ಮೇ ಮೂರರಿಂದ ಬರಲು ಹೇಳಿದರು.

ಕೆಲಸ ಹೇಳಲು ಸುಲಭ. ಬೆಳಗಿನ ಐದಕ್ಕೆ ಗ್ಯಾಂಗು ಬರುತ್ತದೆ, ಅಂದರೆ ಹಳಿ ನೋಡಿಕೊಳ್ಳುವ ಹದಿನಾಲ್ಕು ಜನರ ತಂಡ. ಪ್ರತಿಯೊಬ್ಬರೂ ತಮ್ಮ ನಂಬರಿನ ಹಿತ್ತಾಳೆ ಬಿಲ್ಲೆಯನ್ನು ನನಗೆ ಕೊಡಬೇಕು. ಅದನ್ನು ಹಲಗೆಯ ಕೊಕ್ಕೆಗೆ ನೇತುಹಾಕುತ್ತೇನೆ. ಸ್ಪ್ಯಾನರು, ಹಾರೆ, ಅಳತೆ ಪಟ್ಟಿ, ಎಣ್ಣೆ ಡಬ್ಬಿ ಎಲ್ಲಕ್ಕೂ ನಂಬರಿದೆ, ಒಟ್ಟು ನಲವತ್ತೆರಡು. ಬರೆದುಕೊಂಡು ಕೊಡುತ್ತೇನೆ. ಹನ್ನೊಂದೂವರೆಗೆ ಅವರು ಬಂದಾಗ ಒಂದೊಂದಾಗಿ ವಾಪಸು ಎಣಿಸಿಕೊಂಡು, ಬಿಲ್ಲೆಗಳನ್ನು ಮರಳಿ ಕೊಟ್ಟು, ಹಲಗೆ ಖಾಲಿಯಾದ ಮೇಲೆ ಕಾಗದಕ್ಕೆ ಸಹಿ ಹಾಕುತ್ತೇನೆ. ಆ ಕಾಗದ ಕಂಟ್ರೋಲ್ ರೂಮಿಗೆ ಹೋದ ಮೇಲೆಯೇ ಪಕ್ಕದ ಕರೆಂಟಿನ ಹಳಿಗೆ ಕರೆಂಟು ಬರುತ್ತದೆ, ಮಧ್ಯಾಹ್ನದ ಪರೀಕ್ಷೆಯ ರೈಲು ಓಡುತ್ತದೆ. ಸೆಪ್ಟೆಂಬರಿನಲ್ಲಿ ಜನರಿಗೆ ತೆರೆಯಬೇಕಿದ್ದ ರೈಲು ಅದು.

ಮೊದಲ ದಿನವೇ ಗ್ಯಾಂಗಿನ ಹಿರಿಯ ಸಂಜೀವಣ್ಣ ನನ್ನ ಎದುರು ಬಿಲ್ಲೆ ಹಿಡಿದು ನಿಂತು ಕೇಳಿದರು. ಕಾಪು ಕಡೆಯವರು, ಐವತ್ತರ ಹತ್ತಿರ, ಕುತ್ತಿಗೆಗೆ ಸದಾ ಒದ್ದೆ ಬೈರಾಸು.

"ತಂಗಿ, ಈ ರೈಲಿಗೆ ಡ್ರೈವರ್ ಇಲ್ಲವಂತೆ, ಹೌದಾ?"

"ಹೌದಂತೆ ಸಂಜೀವಣ್ಣ. ಎಲ್ಲ ಕಂಪ್ಯೂಟರ್."

"ಮತ್ತೆ ನಾವು ಹಳಿ ಮೇಲೆ ಇದ್ರೆ ಕಂಡು ಹಾರ್ನ್ ಹೊಡಿಯುವವ ಯಾರು?"

"ಯಾರೂ ಇಲ್ಲ."

ಅವರು ಬಿಲ್ಲೆಯನ್ನು ಕೌಂಟರಿನ ಮೇಲೆ ಟಕ್ಕೆಂದು ಇಟ್ಟರು. "ಹಾಗಾದ್ರೆ ನೀನೇ ನಮ್ಮ ಹಾರ್ನು. ಸರಿ ಎಣಿಸು ಮಾರಾಯ್ತಿ."

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಆವತ್ತಿನಿಂದ ಮೂರು ಸಲ ಎಣಿಸುವ ಅಭ್ಯಾಸವಾಯಿತು. ಎಡದಿಂದ ಬಲಕ್ಕೊಮ್ಮೆ, ಬಲದಿಂದ ಎಡಕ್ಕೊಮ್ಮೆ, ಕಣ್ಣುಮುಚ್ಚಿ ಕೈಯಿಂದ ಮುಟ್ಟಿ ಇನ್ನೊಮ್ಮೆ. ಮೇ ತಿಂಗಳಲ್ಲಿ ಒಂದು ದಿನವೂ ತಪ್ಪಲಿಲ್ಲ. ಜೂನಿನಲ್ಲೂ ಇಲ್ಲ. ಜುಲೈ ಹದಿಮೂರರ ಪುಟದಲ್ಲಿ ಶುಕ್ರವಾರದ ರಜೆಗಳನ್ನು ಬಿಟ್ಟು ಲೆಕ್ಕ ಹಾಕಿ ಕೆಂಪು ಪೆನ್ನಿನಲ್ಲಿ ಬರೆದಿದ್ದೇನೆ: "ಅರವತ್ತೆರಡು ದಿನ. ಹೋದದ್ದು 42, ಬಂದದ್ದು 42." ಪಕ್ಕದಲ್ಲಿ ಒಂದು ಚಿಕ್ಕ ಹೂವು. ಅದನ್ನು ಈಗ ನೋಡಿದರೆ ನಾಚಿಕೆಯಾಗುತ್ತದೆ.

ಗ್ಯಾಂಗಿನವರು ಮುಹೈಸ್ನಾದ ಕಾರ್ಮಿಕರ ಕ್ಯಾಂಪಿನಿಂದ ಬರುತ್ತಿದ್ದರು. ಬಸ್ಸಿನಲ್ಲಿ ನಿದ್ದೆ ಮಾಡಿ ಕೆನ್ನೆಯ ಮೇಲೆ ಸೀಟಿನ ಗೆರೆ ಮೂಡಿಸಿಕೊಂಡು ಇಳಿಯುತ್ತಿದ್ದರು. ಜುಲೈ ಬಂದ ಮೇಲೆ ಬೆಳಗಿನ ಆರಕ್ಕೇ ಹಳಿ ಮುಟ್ಟಲಾಗದಷ್ಟು ಬಿಸಿ. ಹೊರಗೆ ಕೆಲಸ ಮಾಡುವವರಿಗೆ ಹನ್ನೆರಡೂವರೆಯಿಂದ ಮೂರರವರೆಗೆ ಕಡ್ಡಾಯ ಬಿಡುವು, ಆದ್ದರಿಂದ ಹೇಗಾದರೂ ಅಷ್ಟರೊಳಗೆ ಮುಗಿಸಬೇಕು. ಕಂಬಗಳ ಮೇಲೆ ಎತ್ತರದಲ್ಲಿ ಸಾಗುವ ಹಳಿ, ನೆರಳೆಂಬುದು ಇಲ್ಲ. ಇವರ ಕೆಲಸ ಹಳಿಯನ್ನು ಕಾಂಕ್ರೀಟಿಗೆ ಹಿಡಿದಿಡುವ ಬೋಲ್ಟುಗಳನ್ನು ನೋಡುವುದು. ಒಂದು ಉದ್ದನೆಯ ಸ್ಪ್ಯಾನರ್ ಇತ್ತು, ಬಿಗಿ ಎಷ್ಟೆಂದು ಅದೇ ತೋರಿಸುತ್ತಿತ್ತು. ಪ್ರತಿ ಐದನೆಯ ಬೋಲ್ಟಿಗೆ ಅದನ್ನು ಹಾಕಿ ನೋಡಬೇಕೆಂಬುದು ನಿಯಮ. ಸಡಿಲ ಸಿಕ್ಕರೆ ಬಿಗಿ ಮಾಡಿ, ಬಂದು ನನಗೆ ಹೇಳಬೇಕು. ನಾನು ಬರೆದುಕೊಳ್ಳುತ್ತಿದ್ದೆ. ವಾರಕ್ಕೆ ಎಂಟು, ಹನ್ನೊಂದು, ಒಂಬತ್ತು, ಹತ್ತು, ಹೀಗೆ. ಹೊಸ ಹಳಿ ಕೂರುವಾಗ ಇಷ್ಟು ಸಿಗುವುದು ಸಹಜ ಎಂದು ರಘುರಾಮ್ ಹೇಳಿದ್ದರು.

ಜೂನಿನ ಕೊನೆಯಲ್ಲಿ ಒಂದು ಸುದ್ದಿ ಹಬ್ಬಿತು. ರೈಲು ಜನರಿಗೆ ತೆರೆದ ಮೇಲೆ ಹದಿನಾಲ್ಕರಲ್ಲಿ ಆರು ಜನರನ್ನು ಮಾತ್ರ ಕಾಯಂ ಕೆಲಸಕ್ಕೆ ಉಳಿಸಿಕೊಳ್ಳುತ್ತಾರೆ, ಉಳಿದವರ ವೀಸಾ ಖಲಾಸ್. ಉಳಿಸಿಕೊಳ್ಳುವವರ ಪಟ್ಟಿಯಲ್ಲಿ ಮೊದಲ ಹೆಸರು ಸಂಜೀವಣ್ಣನದೇ ಎಂದು ರಘುರಾಮ್ ನನಗೆ ಗುಟ್ಟಾಗಿ ಹೇಳಿದರು. ನಾನು ಅದನ್ನು ಗುಟ್ಟಾಗಿಡದೆ ಸಂಜೀವಣ್ಣನಿಗೆ ಹೇಳಿದೆ. ಅವರು ಬೈರಾಸಿನಿಂದ ಮುಖ ಒರೆಸಿ, ಒರೆಸಿದ ಮೇಲೂ ಸ್ವಲ್ಪ ಹೊತ್ತು ಮುಖದ ಮೇಲೇ ಹಿಡಿದುಕೊಂಡರು.

"ನಿನಗೆ ಗೊತ್ತುಂಟಾ, ಹತ್ತೊಂಬತ್ತು ವರ್ಷ ಆಯ್ತು ನಾನು ಹಳಿ ಹಾಕ್ಲಿಕ್ಕೆ ಹಿಡಿದು. ಊರಲ್ಲಿ ಹಾಕಿದೆ, ಮತ್ತೆ ಎರಡು ದೇಶದಲ್ಲಿ ಹಾಕಿದೆ. ಹಳಿ ಮೇಲೆ ಜಲ್ಲಿ ಗಾಡಿ ಹೋದದ್ದು ನೋಡಿದ್ದೇನೆ, ಖಾಲಿ ಎಂಜಿನ್ ಹೋದದ್ದು ನೋಡಿದ್ದೇನೆ. ಜನ ಕೂತ ರೈಲು ಹೋದದ್ದು ಮಾತ್ರ ನೋಡ್ಲಿಲ್ಲ. ಅಷ್ಟರಲ್ಲಿ ನಮ್ಮನ್ನು ಮುಂದಿನ ಕೆಲಸಕ್ಕೆ ಕಳಿಸಿ ಆಗಿರ್ತದೆ."

"ಊರಿಗೆ ಹೋದಾಗ ಆ ರೈಲಲ್ಲಿ ಕೂತು ನೋಡಬಹುದಿತ್ತಲ್ಲ?"

"ಕೂತಿದ್ದೇನೆ ಮಾರಾಯ್ತಿ, ಟಿಕೆಟ್ ತಗೊಂಡು. ಅದು ಬೇರೆ. ಬೆಳಿಗ್ಗೆ ನಾನು ಬಿಗಿ ಮಾಡಿದ ಬೋಲ್ಟಿನ ಮೇಲೆ ಮಧ್ಯಾಹ್ನ ಜನ ಹೋಗ್ಬೇಕು. ಅದೊಂದು ಆಗ್ಬೇಕು ನನಗೆ."

ಇದನ್ನು ಅವರು ಆಸೆಯೆಂದು ಹೇಳಲಿಲ್ಲ. ಬಾಕಿ ಉಳಿದ ಒಂದು ಕೆಲಸವೆಂಬಂತೆ ಹೇಳಿದರು.

ಜುಲೈ ಹದಿನಾಲ್ಕು, ಮಂಗಳವಾರ. ಆ ದಿನ ಮಧ್ಯಾಹ್ನ ಒಂದಕ್ಕೆ ಯಾರೋ ದೊಡ್ಡವರು ಪರೀಕ್ಷೆಯ ರೈಲಿನಲ್ಲಿ ಕೂರಲು ಬರುವವರಿದ್ದರು. ರಘುರಾಮ್ ಬೆಳಗಿನಿಂದ ಟೈ ಕಟ್ಟಿಕೊಂಡು ಓಡಾಡುತ್ತಿದ್ದರು. ಗ್ಯಾಂಗು ಬೇಗನೆ, ಹತ್ತೂ ಐವತ್ತಕ್ಕೆ ಬಂತು. ಹದಿನಾಲ್ಕು ಜನ, ಹದಿನಾಲ್ಕು ಬಿಲ್ಲೆ. ಸಾಮಾನಿನ ಪೆಟ್ಟಿಗೆಯನ್ನು ಮಲ್ಲೇಶಿ ಹೊತ್ತು ತಂದ. ರಾಯಚೂರು ಕಡೆಯ ಆಳು, ನಲವತ್ತು ದಾಟಿದವ, ಮಾತು ಕಡಿಮೆ. ಎಣಿಸಿದೆ. ನಲವತ್ತಮೂರು.

ಬಲದಿಂದ ಎಡಕ್ಕೆ ಎಣಿಸಿದೆ. ನಲವತ್ತಮೂರು. ಕಣ್ಣುಮುಚ್ಚಿ ಮುಟ್ಟಿದೆ. ಕೈಗೆ ಗೊತ್ತಿಲ್ಲದ ಒಂದು ವಸ್ತು ತಗುಲಿತು. ಒಂದು ಸಣ್ಣ ಸುತ್ತಿಗೆ. ತಲೆ ಸವೆದು ದುಂಡಗಾಗಿತ್ತು, ಮರದ ಹಿಡಿಗೆ ಇನ್ಸುಲೇಷನ್ ಟೇಪು ಸುತ್ತಿತ್ತು, ನಂಬರಿನ ಬಿಲ್ಲೆ ಇರಲಿಲ್ಲ. ನಮ್ಮ ಪಟ್ಟಿಯಲ್ಲಿ ಸುತ್ತಿಗೆಯೇ ಇಲ್ಲ.

"ಇದು ಯಾರದು?" ಎಂದೆ.

ಹದಿನಾಲ್ಕು ಜನರೂ ಕೈ ತೊಳೆಯುವುದನ್ನು ನಿಲ್ಲಿಸಿದರು. ಕಿತ್ತಳೆ ವಾಸನೆ ಗಾಳಿಯಲ್ಲಿ ನಿಂತಿತ್ತು, ನಲ್ಲಿ ಸುಮ್ಮನೆ ಹರಿಯುತ್ತಿತ್ತು.

ನಮ್ಮ ಕಾಗದದಲ್ಲಿ "ಕಡಿಮೆ ಬಂದದ್ದು" ಎಂಬ ಕಲಂ ಇತ್ತು. ಕಡಿಮೆಯಾದರೆ ಏನು ಮಾಡಬೇಕೆಂದು ಎರಡು ಪುಟದ ಸೂಚನೆಯೂ ಇತ್ತು. ಹೆಚ್ಚಿಗೆ ಬಂದರೆ ಏನು ಮಾಡಬೇಕೆಂದು ಎಲ್ಲೂ ಬರೆದಿರಲಿಲ್ಲ. ನನಗೆ ತಲೆ ಓಡಲಿಲ್ಲ. ರಘುರಾಮ್ ಅವರನ್ನು ಕರೆದೆ.

"ಶಾರ್ಟ್ ಇದ್ರೆ ಪ್ರಾಬ್ಲಂ ರೀ. ಎಕ್ಸ್‌ಟ್ರಾ ಬಂದ್ರೆ ಏನು? ಡ್ರಾಯರ್‌ಗೆ ಹಾಕಿ, ಸೈನ್ ಮಾಡಿ, ಯಲ್ಲಾ, ಬೇಗ."

"ಸರ್, ಎಕ್ಸ್‌ಟ್ರಾ ಬಂತು ಅಂದ್ರೆ ನಾನು ಬರೆದುಕೊಳ್ಳದೆ ಏನೋ ಹಳಿಗೆ ಹೋಗಿದೆ ಅಂತ ಅಲ್ವಾ?"

"ಹೋಗಿದೆ, ವಾಪಸ್ ಬಂದಿದೆ. ಮುಗೀತು."

"ಹಾಗೆ ಹೋದದ್ದು ಇದೊಂದೇ ಅಂತ ಹೇಗೆ ಗೊತ್ತು ಸರ್? ಎರಡು ಹೋಗಿ ಒಂದು ಬಂದಿದ್ರೆ?"

ರಘುರಾಮ್ ಟೈ ಸಡಿಲಿಸಿದರು. "ವಸುಧಾ, ದಯವಿಟ್ಟು. ಇವತ್ತು ಬೇಡ. ನಿಮ್ಮ ಲಾಜಿಕ್ಕು ನಾಳೆ ಕೇಳ್ತೀನಿ."

ಪೆನ್ನು ಕೈಯಲ್ಲಿತ್ತು. ಸಹಿ ಹಾಕಿದರೆ ಎಲ್ಲರಿಗೂ ಅನುಕೂಲ. ಸುತ್ತಿಗೆ ಡ್ರಾಯರಿಗೆ ಹೋಗುತ್ತದೆ, ದೊಡ್ಡವರು ರೈಲು ಹತ್ತುತ್ತಾರೆ. ಆದರೆ ಕರೆಂಟಿನ ಹಳಿಯ ಪಕ್ಕ ಇಂಥದೇ ಇನ್ನೊಂದು ಸುತ್ತಿಗೆ ಬಿದ್ದಿರುವಂತೆ ನನ್ನ ಕಣ್ಣಿಗೆ ಕಾಣಿಸುತ್ತಲೇ ಇತ್ತು. ನಾನು ಪೆನ್ನಿನ ಮುಚ್ಚಳ ಹಾಕಿದೆ.

ಆಗ ಸಂಜೀವಣ್ಣ ಮುಂದೆ ಬಂದರು. "ಬಿಲ್ಲೆ ತಗೋ ತಂಗಿ. ನಾವು ಪುನಃ ಒಮ್ಮೆ ನಡೆದು ನೋಡಿ ಬರ್ತೇವೆ. ಇನ್ನೂ ಹನ್ನೊಂದೂಕಾಲು."

ಹದಿನಾಲ್ಕು ಬಿಲ್ಲೆಗಳನ್ನು ಮತ್ತೆ ನೇತುಹಾಕಿದೆ. ಅವರು ಮತ್ತೆ ಹಳಿಗೆ ಹೋದರು. ಡಿಪೋದ ಗೋಡೆಯ ಉಷ್ಣಮಾಪಕ ನಲವತ್ತಾರು ಡಿಗ್ರಿ ತೋರಿಸುತ್ತಿತ್ತು. ಹನ್ನೆರಡೂ ಇಪ್ಪತ್ತೈದಕ್ಕೆ ಬಂದರು, ಏನೂ ಸಿಗಲಿಲ್ಲ. ಮಲ್ಲೇಶಿ ಒಳಗೆ ಬಂದವನೇ ಸಿಂಕಿಗೆ ಬಗ್ಗಿ ವಾಂತಿ ಮಾಡಿಕೊಂಡ. ಇಬ್ಬರು ಅವನನ್ನು ನೆಲಕ್ಕೆ ಕೂರಿಸಿ ತಲೆಗೆ ನೀರು ಹಾಕಿದರು. ನಾನು ಹಲಗೆ ಖಾಲಿ ಮಾಡಿ, ಕಾಗದದ ಅಂಚಿನಲ್ಲಿ "ಹೆಚ್ಚು ಬಂದದ್ದು: ಸುತ್ತಿಗೆ 1, ನಂಬರಿಲ್ಲ. ಹಳಿ ಪುನಃ ನೋಡಲಾಗಿದೆ" ಎಂದು ಬರೆದು ಸಹಿ ಹಾಕಿದೆ. ರೈಲು ಒಂದರ ಬದಲು ಎರಡಕ್ಕೆ ಹೊರಟಿತು. ದೊಡ್ಡವರು ಏಸಿ ಕೋಣೆಯಲ್ಲಿ ಖರ್ಜೂರ ತಿನ್ನುತ್ತಾ ಕಾದರಂತೆ, ಒಂದು ಮಾತೂ ಆಡಲಿಲ್ಲವಂತೆ.

ಅಲ್ಲಿಗೆ ಮುಗಿಯಿತೆಂದುಕೊಂಡೆ. ಮರುದಿನ ಸುರಕ್ಷತೆಯ ಅಧಿಕಾರಿ ನನ್ನ ಅಂಚಿನ ಸಾಲು ಓದಿ ಬಂದರು. ಎತ್ತರದ ಮನುಷ್ಯ, ಬಹಳ ಸೌಮ್ಯವಾಗಿ ಇಂಗ್ಲಿಷ್ ಮಾತಾಡುತ್ತಿದ್ದರು. ನನ್ನನ್ನು ಹೊಗಳಿದರು. ಆಮೇಲೆ ಅಷ್ಟೇ ಸೌಮ್ಯವಾಗಿ, ಖಾಸಗಿ ಸಾಮಾನನ್ನು ಹಳಿಗೆ ಒಯ್ದವರನ್ನು ಕೆಲಸದಲ್ಲಿಡುವಂತಿಲ್ಲ, ಗುರುವಾರ ಸಂಜೆಯೊಳಗೆ ಹೆಸರು ಬೇಕು, ಬಾರದಿದ್ದರೆ ಇಡೀ ಗ್ಯಾಂಗನ್ನು ಬದಲಾಯಿಸಬೇಕಾಗುತ್ತದೆ ಎಂದರು.

ಗುರುವಾರ ಮಧ್ಯಾಹ್ನ ಸಂಜೀವಣ್ಣ ರಘುರಾಮ್ ಅವರ ಮೇಜಿನ ಮುಂದೆ ನಿಂತು, ಸುತ್ತಿಗೆ ತಮ್ಮದು ಎಂದರು.

ರಘುರಾಮ್ ನನ್ನ ಕೌಂಟರಿಗೆ ಬಂದು ಬಿಲ್ಲೆ ಹಲಗೆ ನೋಡುತ್ತಾ ನಿಂತರು. "ಅಂಚಿನಲ್ಲಿ ಬರೀಲೇಬೇಕಿತ್ತಾ? ಹಳಿ ಚೆಕ್ ಮಾಡಿಸಿದ್ರಿ, ಸರಿ. ಬರೆಯದೆ ಇರಬಹುದಿತ್ತಲ್ಲ?" ಎಣಿಸಿದ್ದನ್ನು ಬರೆಯದೆ ಹೇಗಿರುವುದೆಂದು ನನಗೆ ಆ ವಯಸ್ಸಿನಲ್ಲಿ ಗೊತ್ತಿರಲಿಲ್ಲ. ಈಗಲೂ ಗೊತ್ತಿದೆ ಎಂದು ಹೇಳಲಾರೆ.

ಶುಕ್ರವಾರ ರಜೆ, ಬಸ್ಸು ಹಿಡಿದು ಮುಹೈಸ್ನಾಕ್ಕೆ ಹೋದೆ. ಕ್ಯಾಂಪಿನೊಳಗೆ ಹೆಂಗಸರನ್ನು ಬಿಡುವುದಿಲ್ಲವೆಂದು ಕಾವಲಿನವನು ಗೇಟಿನಲ್ಲೇ ತಡೆದ. ಸಂಜೀವಣ್ಣ ಲುಂಗಿ ಬಿಟ್ಟು ಪ್ಯಾಂಟು ಹಾಕಿಕೊಂಡು ಹೊರಗೆ ಬಂದರು. ಎದುರಿನ ಕೆಫೆಟೇರಿಯಾದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತೆವು. ಒಗೆದ ಬಟ್ಟೆಗಳು ಕ್ಯಾಂಪಿನ ಮೂರೂ ಮಹಡಿಯಿಂದ ಇಳಿಬಿದ್ದಿದ್ದವು. ನಾನು ಅಳುವುದಿಲ್ಲವೆಂದು ಬಸ್ಸಿನಲ್ಲೇ ನಿರ್ಧರಿಸಿ ಬಂದಿದ್ದೆ.

"ಆ ಸುತ್ತಿಗೆ ನಿಮ್ಮದಾ?"

"ಹೌದು."

"ನಿಜ ಹೇಳಿ."

"ನೋಡು, ಆ ಉದ್ದ ಸ್ಪ್ಯಾನರ್ ಉಂಟಲ್ಲ, ಅದು ಐದಕ್ಕೆ ಒಂದು ನೋಡ್ತದೆ. ನಡುವೆ ನಾಲ್ಕು ಉಂಟಲ್ಲ, ಅದಕ್ಕೆ ಯಾರು? ಸುತ್ತಿಗೆಯಲ್ಲಿ ಒಂದು ತಟ್ಟಿದ್ರೆ ಗೊತ್ತಾಗ್ತದೆ. ಬಿಗಿ ಇದ್ರೆ ಟಣ್ ಅಂತದೆ. ಸಡಿಲ ಇದ್ರೆ ಶೀತ ಆದವರ ಹಾಗೆ ಶಬ್ದ. ನಾವು ಊರಲ್ಲಿ ಹಾಗೇ ಕಲಿತದ್ದು. ಎಲ್ಲ ಬೋಲ್ಟಿಗೂ ತಟ್ಟಿಕೊಂಡೇ ಹೋಗ್ತಿದ್ದೆವು."

"ದಿನಾಲೂ?"

"ಮೊದಲ ದಿನದಿಂದ. ಊಟದ ಚೀಲದಲ್ಲಿ ಹೋಗ್ತದೆ, ಊಟದ ಚೀಲದಲ್ಲಿ ಬರ್ತದೆ."

ನಾನು ಲೆಕ್ಕ ಹಾಕಿದೆ. ಅರವತ್ತೆರಡು ದಿನ ನಲವತ್ತಮೂರು ಹೋಗಿ ನಲವತ್ತಮೂರು ಬಂದಿದ್ದವು. ನಾನು ಅರವತ್ತೆರಡು ದಿನ ನಲವತ್ತೆರಡು ಎಂದು ಬರೆದು ಹೂವು ಹಾಕಿದ್ದೆ. ಸುತ್ತಿಗೆ ನನ್ನ ಕಣ್ಣಿಗೆ ಬಿದ್ದ ಒಂದೇ ಒಂದು ದಿನ, ಲೆಕ್ಕ ತಪ್ಪಿತೆಂದು ಹದಿನಾಲ್ಕು ಜನರನ್ನು ಬಿಸಿಲಿಗೆ ಅಟ್ಟಿದ್ದೆ.

"ಹಾಗಾದ್ರೆ ಪೆಟ್ಟಿಗೆಯಲ್ಲಿ ಅದು ಏನಂತ ನಿಮಗೆ ಗೊತ್ತಿತ್ತಲ್ಲ? ಮತ್ತೆ ಯಾಕೆ ಪುನಃ ನಡೆದು ಹೋದಿರಿ? ಮಲ್ಲೇಶಿ ಅಷ್ಟು ಕಷ್ಟಪಟ್ಟ."

ಸಂಜೀವಣ್ಣ ಚಹಾದ ಮೇಲಿನ ಕೆನೆಯನ್ನು ಬೆರಳಲ್ಲಿ ತೆಗೆದು ಬದಿಗೆ ಹಚ್ಚಿದರು. "ನೀನು ಎಂಜಿನಿಯರಿಗೆ ಕೇಳಿದೆಯಲ್ಲ, ಎರಡು ಹೋಗಿ ಒಂದು ಬಂದಿದ್ರೆ ಅಂತ. ಅದು ಕೇಳಿ ನನಗೂ ಹೆದರಿಕೆ ಆಯ್ತು. ನಾವೊಂದು ಕದ್ದು ತಗೊಂಡು ಹೋದ ಹಾಗೆ ಬೇರೆ ಯಾವನಾದ್ರೂ ಇನ್ನೊಂದು ತಂದಿದ್ರೆ? ನಾನು ಯಾರನ್ನು ಕೇಳ್ಲಿ? ಹದಿನಾಲ್ಕು ಜನ, ಐದು ಭಾಷೆ. ನಡೆದು ನೋಡುವುದೇ ಸುಲಭ ಕಂಡಿತು."

ನನ್ನ ಮೇಲೆ ಸಿಟ್ಟು ಇದೆಯಾ ಎಂದು ಕೇಳಿದೆ. ಅವರು ನನ್ನನ್ನು ವಿಚಿತ್ರವಾಗಿ ನೋಡಿದರು. "ನಾನೇ ಹೇಳಿದ್ದಲ್ಲವಾ ಸರಿ ಎಣಿಸು ಅಂತ? ಹಾರ್ನ್ ಹೊಡೆದದ್ದಕ್ಕೆ ಹಾರ್ನಿಗೆ ಬಯ್ಲಿಕ್ಕೆ ಆಗ್ತದಾ?" ಚಹಾದ ಲೋಟ ಖಾಲಿ ಮಾಡಿ, "ಬಯ್ಯುವ ಅಂತ ಒಮ್ಮೆ ಕಂಡದ್ದು ಹೌದು" ಎಂದರು.

ನಾನು ಬಸ್ ಸ್ಟಾಪಿಗೆ ಬರುವಷ್ಟರಲ್ಲಿ ಮಲ್ಲೇಶಿ ಹಿಂದೆ ಓಡಿಬಂದ.

"ಅಕ್ಕಾರ, ಆ ಸುತಗಿ ನಂದ್ರಿ. ಅಣ್ಣಾರ್ದಲ್ಲ. ನಾನಾ ತಪ್ಪಿ ಪೆಟ್ಟಿಗ್ಯಾಗ ಹಾಕೀನಿ. ಒಂದ್ ಕೈಯಾಗ ನೀರಿನ ಕ್ಯಾನು, ತೆಲಿ ತಿರಗಾಕತ್ತಿತ್ತು, ಚೀಲ ಯಾವ್ದು ಪೆಟ್ಟಿಗಿ ಯಾವ್ದು ತಿಳೀಲಿಲ್ಲ."

"ಹಾಗಾದ್ರೆ ನೀನೇ ಯಾಕೆ ಹೇಳ್ಲಿಲ್ಲ?"

"ಹೇಳಾಕ ಹೊಂಟಿದ್ದೆ. ಅಣ್ಣಾರು ಬ್ಯಾಡ ಅಂದ್ರು. ಪಟ್ಟಿಯೊಳಗ ನಿನ್ ಹೆಸರು ಆರನೇದ್ದು ಅದ, ನನ್ನದು ಮೊದಲನೇದ್ದು ಅದ, ಮೊದಲನೇದ್ದು ಹ್ವಾದ್ರ ಐದು ಉಳಿತಾವ, ಅಂದ್ರು. ಏನ್ ಲೆಕ್ಕಾನೋ ನಂಗೊಂದೂ ತಿಳೀಲಿಲ್ಲ."

ನನಗೂ ತಿಳಿಯಲಿಲ್ಲ. ಆರನೆಯದು ಹೋದರೂ ಐದೇ ಉಳಿಯುತ್ತವೆ. ಡೈರಿಯಲ್ಲಿ ಆ ಸಾಲಿನ ಕೆಳಗೆ ಎರಡು ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದೇನೆ. ಮರುದಿನ ಗ್ಯಾಂಗಿನ ಇನ್ನೊಬ್ಬ, ಬಿಹಾರದವನು, ಆ ಸುತ್ತಿಗೆ ಇಬ್ಬರದೂ ಅಲ್ಲ, ಹಳಿ ಹಾಕುವಾಗ ಇಲ್ಲೇ ಮಣ್ಣಿನಲ್ಲಿ ಸಿಕ್ಕಿದ್ದು ಎಂದು ಹೇಳಿದ. ಮೂರು ಮಾತನ್ನೂ ದಿನಾಂಕ ಹಾಕಿ ಬರೆದಿಟ್ಟಿದ್ದೇನೆ. ಯಾವುದು ನಿಜವೆಂದು ಇಂದಿಗೂ ಗೊತ್ತಿಲ್ಲ.

ಜುಲೈ ಇಪ್ಪತ್ತೊಂದರಂದು ಸಂಜೀವಣ್ಣ ಊರಿಗೆ ಹೋದರು. ಹದಿಮೂರು ಬಿಲ್ಲೆಗಳ ಹಲಗೆ ನೋಡಿದರೆ ಮೊದಮೊದಲು ನಾಲ್ಕನೆಯ ಸಲವೂ ಎಣಿಸುತ್ತಿದ್ದೆ, ಒಬ್ಬರು ಬಿಲ್ಲೆ ಕೊಡದೆ ಹಳಿಗೆ ಹೋದರೋ ಎಂಬಂತೆ.

ಸುತ್ತಿಗೆ ಈಗ ಅಧಿಕಾರಿಯ ಬೀರುವಿನಲ್ಲಿತ್ತು. ಆ ವಾರ ಸಡಿಲ ಸಿಕ್ಕಿದ ಬೋಲ್ಟು ಮೂರು. "ನೋಡಿ, ಎಷ್ಟು ಇಂಪ್ರೂವ್ ಆಗಿದೆ" ಎಂದು ರಘುರಾಮ್ ಖುಷಿಪಟ್ಟರು. ನಾನು ಮಲ್ಲೇಶಿಯನ್ನು ಕೇಳಿದೆ. ಅವನು ಕೈಗೆ ಕಿತ್ತಳೆ ಮುದ್ದೆ ಉಜ್ಜುತ್ತಾ, "ಕಿವಿ ಕಸಕೊಂಡ್ ಮ್ಯಾಲ ಹೆಂಗ ಸಿಗತಾವ್ರಿ ಅಕ್ಕಾರ?" ಎಂದ.

ಆ ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ನನ್ನ ವಾರದ ಪಟ್ಟಿಗಳನ್ನೆಲ್ಲ ರಘುರಾಮ್ ಮುಂದೆ ಹರಡಿದೆ. ಸುತ್ತಿಗೆ ಇದ್ದಾಗ ಎಂಟು, ಹನ್ನೊಂದು, ಒಂಬತ್ತು, ಹತ್ತು. ಇಲ್ಲದಾಗ ಮೂರು. ಅವರು ಈ ಸಲ ನಗಲಿಲ್ಲ, ಲಾಜಿಕ್ಕನ್ನು ನಾಳೆ ಕೇಳುತ್ತೇನೆ ಎನ್ನಲೂ ಇಲ್ಲ. ನಾಲ್ಕು ದಿನ ಬೇರೆ ತಂಡವನ್ನೂ ಸೇರಿಸಿ, ಐದಕ್ಕೊಂದರ ಬದಲು ಪ್ರತಿ ಬೋಲ್ಟಿಗೂ ಉದ್ದ ಸ್ಪ್ಯಾನರ್ ಹಾಕಿಸಿದರು. ಎಲ್ಲವೂ ಬಿಗಿಯಾಗಿದ್ದವು. ಒಂದೇ ಒಂದು ಸಡಿಲ ಸಿಗಲಿಲ್ಲ.

ಹಾಗಾದರೆ ಸುತ್ತಿಗೆ ಬೇಕಿರಲಿಲ್ಲವೇ? ಅಥವಾ ಅರವತ್ತೆರಡು ದಿನ ತಟ್ಟಿ ತಟ್ಟಿ ಸಡಿಲವಾಗುವುದೆಲ್ಲ ಆಗಲೇ ಮುಗಿದಿತ್ತೇ? ರಘುರಾಮ್ ಭುಜ ಹಾರಿಸಿದರು. ಅಧಿಕಾರಿ ಮಾತ್ರ ನನ್ನ ಪಟ್ಟಿಯ ನಕಲು ತೆಗೆದುಕೊಂಡು ಹೋದರು. ಒಂದು ವಾರದ ಮೇಲೆ ಹೊಸ ಸೂಚನೆ ಬಂತು. ಸಾಮಾನಿನ ಪಟ್ಟಿಗೆ ಒಂದು ಸಣ್ಣ ಸುತ್ತಿಗೆ ಸೇರಿಸಬೇಕು. ಅದೇ ಸುತ್ತಿಗೆಯನ್ನು ಬೀರುವಿನಿಂದ ತೆಗೆದುಕೊಟ್ಟರು. ಹಿಡಿಗೆ ತೂತು ಕೊರೆದು ನಂಬರಿನ ಬಿಲ್ಲೆ ಕಟ್ಟಿದವಳೂ ನಾನೇ, ರಿಜಿಸ್ಟರಿನಲ್ಲಿ 43 ಎಂದು ಬರೆದವಳೂ ನಾನೇ.

ಸಂಜೀವಣ್ಣನನ್ನು ಈಗಲಾದರೂ ವಾಪಸು ಕರೆಸಬಹುದಲ್ಲ ಎಂದು ಕೇಳಿದೆ. "ವೀಸಾ ಕ್ಯಾನ್ಸಲ್ ಆಗಿದೆ ವಸುಧಾ. ನಾನೂ ಕೇಳ್ದೆ. ಸದ್ಯಕ್ಕೆ ಹೊಸ ವೀಸಾ ಮಾಫಿ, ಸಿಗೋದೇ ಇಲ್ಲ. ಸಂಜೀವಣ್ಣ ನಿಯಮ ಮುರಿದಾಗ ಅದು ನಿಯಮಾನೇ ಆಗಿತ್ತಲ್ಲ ಅಂತಾರೆ ಆ ಅಧಿಕಾರಿ" ಎಂದರು ರಘುರಾಮ್. ಡೈರಿಯಲ್ಲಿ ಈ ಮಾತನ್ನು ಹಲವು ಸಲ ಓದಿದ್ದೇನೆ. ಒಂದು ಸಲ ಸರಿ ಅನ್ನಿಸುತ್ತದೆ, ಇನ್ನೊಂದು ಸಲ ಇಲ್ಲ.

ಸೆಪ್ಟೆಂಬರಿನಲ್ಲಿ ರೈಲು ತೆರೆಯಿತು. ರಂಜಾನ್ ತಿಂಗಳು. ತೆರೆದ ಕೆಲವು ದಿನಗಳ ನಂತರ, ರಜೆಯ ಸಂಜೆ ಇಫ್ತಾರ್ ಮುಗಿಯುವ ಹೊತ್ತಿಗೆ ನಾನು ಸತ್ವಾದಿಂದ ನಡೆದು ಹೋಗಿ, ಟಿಕೆಟ್ಟು ತೆಗೆದುಕೊಂಡು ಮೊದಲ ಸಲ ಜನರ ಜೊತೆ ಹತ್ತಿದೆ. ಎಲ್ಲಿಗೂ ಹೋಗಬೇಕಿಲ್ಲದ ಜನ ಮಕ್ಕಳನ್ನು ಹೊಸ ಬಟ್ಟೆಯಲ್ಲಿ ಕರೆತಂದಿದ್ದರು. ರೈಲು ಹೊರಟಾಗ ಯಾರೋ ಚಪ್ಪಾಳೆ ತಟ್ಟಿದರು. ಕಿಟಕಿಯ ಕೆಳಗೆ ಕಾರುಗಳ ದೀಪ ಹರಿಯುತ್ತಿತ್ತು. ನಾನು ಕಾಪುವಿಗೆ ಫೋನು ಮಾಡಿದೆ.

"ಯಾರು? ತಂಗಿಯಾ? ಎಲ್ಲಿದ್ದಿ?"

"ರೈಲಲ್ಲಿ ಇದ್ದೇನೆ ಸಂಜೀವಣ್ಣ. ಜಾಫಿಲಿಯಾ ಸ್ಟೇಷನ್ ಬಿಟ್ಟಿತು."

ಅದೇ ಉಸಿರಿನಲ್ಲಿ ಸುತ್ತಿಗೆಗೆ ನಂಬರು ಕೊಟ್ಟ ಸುದ್ದಿಯನ್ನೂ ಹೇಳಿದೆ. ಈ ಸುದ್ದಿಯನ್ನು ಒಂದು ತಿಂಗಳು ಹೇಳಲಾಗದೆ ಇಟ್ಟುಕೊಂಡಿದ್ದೆ.

ಅವರು ಜೋರಾಗಿ ನಕ್ಕರು. "ಅದಕ್ಕೆ ವೀಸಾ ಸಿಕ್ಕಿತು ಹೇಳು!" ನಗು ನಿಂತ ಮೇಲೆ, "ಕಂಬ ಹಿಡ್ಕೊಂಡಿದ್ದೀಯಾ? ಈಗ ಸ್ವಲ್ಪ ವಾಲ್ತದೆ" ಎಂದರು.

ಕಂಬ ಹಿಡಿದೆ. ರೈಲು ವಾಲಿತು. ನಿಂತಿದ್ದವರೆಲ್ಲ ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು.

"ಅದೆಂತ ಶಬ್ದ?"

"ಜನ ಸಂಜೀವಣ್ಣ. ನಗ್ತಿದ್ದಾರೆ."

"ತುಂಬ ಜನ ಉಂಟಾ?"

"ತುಂಬ."

"ತುಂಬ ಅಂದ್ರೆ ಎಷ್ಟು? ಎಣಿಸಿ ಹೇಳು."

ನಾನು ಎಡದಿಂದ ಎಣಿಸಲು ಶುರುಮಾಡಿದೆ, ಅವರಿಗೆ ಕೇಳಿಸುವಂತೆ ಬಾಯಿಬಿಟ್ಟು. ಒಂದು ಮಗು ತಾಯಿಯ ಹೆಗಲ ಮೇಲಿತ್ತು, ಅದನ್ನೂ ಸೇರಿಸಿದೆ. ಮೂವತ್ತೆಂಟರವರೆಗೆ ಹೋಗಿದ್ದೆ. ಅಷ್ಟರಲ್ಲಿ ನಿಲ್ದಾಣ ಬಂದು ಬಾಗಿಲು ತೆರೆಯಿತು. ಒಂದಷ್ಟು ಜನ ಇಳಿದರು, ಅದಕ್ಕಿಂತ ಹೆಚ್ಚು ಜನ ನುಗ್ಗಿದರು. ಎಣಿಸಿದವರು ಯಾರು, ಎಣಿಸದವರು ಯಾರು, ಒಂದೂ ತಿಳಿಯದಾಯಿತು.

"ಸಂಜೀವಣ್ಣ, ಲೆಕ್ಕ ತಪ್ಪಿತು" ಎಂದೆ.

"ಪುನಃ ಎಣಿಸು" ಎಂದರು ಅವರು. "ನನಗೆಂತ ಅವಸರ ಇಲ್ಲ."